ತೂತು ಮುಚ್ಚುವ ಕೆಲಸ

ಮುಂಬಯಿಯಲ್ಲಿ ಏನು ಕೆಲಸ ಎಂದು ಊರಲ್ಲಿ ಕೇಳಿದವರಿಗೆ ‘ಗೋಡೆಯ ತೂತು ಮುಚ್ಚಿಸೋದು’ ಎನ್ನುತ್ತೇನೆ. ನಗುತ್ತಾರೆ. ಆದರೆ ಮಾತು ನಿಜ. ಪೈಪು, ಕೇಬಲ್, ಡಕ್ಟ್‌ಗಳಿಗಾಗಿ ಗೋಡೆ, ಸ್ಲ್ಯಾಬ್‌ಗಳನ್ನು ಕೊರೆಯುತ್ತಾರೆ. ಎರಡು ತಾಸು ಬೆಂಕಿ ತಡೆಯಬೇಕಾದ ಗೋಡೆಯಲ್ಲಿ ಅಂಗೈಯಗಲದ ಸಂದು ಉಳಿದರೂ ಆ ಎರಡು ತಾಸಿಗೆ ಅರ್ಥವಿಲ್ಲ. ಬೆಂಕಿ, ಹೊಗೆ ದಾಟದಂತೆ ಆ ಸಂದು ಮುಚ್ಚುವುದೇ ಫೈರ್‌ಸ್ಟಾಪಿಂಗ್.

ಎಷ್ಟೋ ಸಲ ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಹತ್ತಿದ್ದು ನೆಲಮಾಳಿಗೆಗೆ. ಸತ್ತ ಸುಮಾರು 90 ಮಂದಿಯಲ್ಲಿ ಹೆಚ್ಚಿನವರು ಮೇಲಿನ ಮಹಡಿಗಳಲ್ಲಿ ಹೊಗೆಗೆ ಉಸಿರುಗಟ್ಟಿದ ರೋಗಿಗಳು.

ಸಾಮಾನ್ಯ ತೂತುಗಳಿಗೆ ಉತ್ತರ ಸಿದ್ಧವಿದೆ. ಇಂಥ ಗೋಡೆ, ಇಷ್ಟು ದಪ್ಪ, ಇಂಥ ಪೈಪು, ಸುತ್ತ ಇಷ್ಟು ಸಂದು ಎಂದು ಕುಲುಮೆಯಲ್ಲಿ ಸುಟ್ಟು ಪರೀಕ್ಷಿಸಿದ ವಿನ್ಯಾಸಗಳ ಪಟ್ಟಿಯೇ ಇರುತ್ತದೆ. ತೊಂದರೆ ಎಂದರೆ, ಸೈಟಿನ ತೂತು ಪಟ್ಟಿ ಓದಿಕೊಂಡು ಹುಟ್ಟಿರುವುದಿಲ್ಲ.

ಲೋವರ್ ಪರೇಲ್‌ನಲ್ಲಿ ಹಳೆಯ ಇಟ್ಟಿಗೆ ಕಟ್ಟಡವೊಂದನ್ನು ಆಫೀಸಾಗಿ ಮಾರ್ಪಡಿಸುತ್ತಿದ್ದೆವು. ಒಂದು ಗೋಡೆಯಲ್ಲಿ ಬ್ರೇಕರ್ ಹೊಡೆದು ಮಾಡಿದ ವಕ್ರ ಗಂಡಿ. ಅದರಲ್ಲೇ ಒಂದು ಕೇಬಲ್ ಟ್ರೇ, ಏಸಿಯ ತಣ್ಣೀರಿನ ಎರಡು ಪೈಪು, ಓರೆಯಾಗಿ ಒಂದು ಪಿವಿಸಿ ಪೈಪು ತೂರಿಸಿದ್ದರು. ಯಾವ ಪಟ್ಟಿಯಲ್ಲೂ ಅಂಥದ್ದಿರಲಿಲ್ಲ. ಹ್ಯಾಂಡೋವರ್‌ಗೆ ಐದೇ ದಿನ. ಸರಿಯಾಗಿ ಮುಚ್ಚಿದೆ ಎಂದು ಸಹಿ ಹಾಕಬೇಕಾದವನು ನಾನು.

ಸೂಪರ್‌ವೈಸರ್ ಕಲಬುರಗಿ ಕಡೆಯವನು. “ಸರ, ಫೋಮ್ ಹೊಡದು ಮ್ಯಾಲ ಪುಟ್ಟಿ ಮಾಡಿದ್ರ ಯಾರಿಗಿ ಕಾಣಸ್ತದ್ರೀ?” ಎಂದ. ಫಾಲ್ಸ್ ಸೀಲಿಂಗ್ ಬಂದಮೇಲೆ ಖರೆಯೇ, ಯಾರಿಗೂ ಕಾಣುವುದಿಲ್ಲ. ಮೇಲಿನವರ ಮನಸ್ಸಿನಲ್ಲಿದ್ದದ್ದೂ ಅದೇ.

ಅವನಿಗೆ ಬ್ರೌನ್ಸ್ ಫೆರಿಯ ಕತೆ ಹೇಳಿದೆ. 1975ರ ಮಾರ್ಚ್ 22ರಂದು ಅಮೆರಿಕದ ಅಲಬಾಮಾದ ಆ ಅಣುವಿದ್ಯುತ್ ಸ್ಥಾವರದಲ್ಲಿ, ಕೇಬಲ್ ಹಾಯ್ದ ಗೋಡೆಯ ತೂತಿಗೆ ಫೋಮ್ ತುಂಬಿ, ಗಾಳಿ ಸೋರುತ್ತಿದೆಯೇ ಎಂದು ಮೇಣದಬತ್ತಿ ಹಿಡಿದು ನೋಡುತ್ತಿದ್ದರು. ಉರಿ ಫೋಮಿಗೆ ತಗುಲಿ ಗೋಡೆಯಾಚೆಗೂ ಹಬ್ಬಿತು. 1,600ಕ್ಕೂ ಹೆಚ್ಚು ಕೇಬಲ್‌ಗಳು ಹಾಳಾದವು. ತೂತು ಮುಚ್ಚಲು ತುಂಬಿದ್ದೇ ಬೆಂಕಿಗೆ ದಾರಿಯಾಯಿತು. ಅವನು ಏನೂ ಅನ್ನಲಿಲ್ಲ.

ನಾನು ಸಹಿ ಹಾಕಲಿಲ್ಲ. ಸೀಲಂಟ್ ತಯಾರಿಸುವ ಕಂಪನಿಯ ಎಂಜಿನಿಯರನ್ನು ಕರೆಸಿದೆವು. ಆಕೆ ಏಣಿ ಹತ್ತಿ ಪ್ರತಿ ಸಂದನ್ನೂ ಅಳೆದು, ಇದಕ್ಕೆ ಹತ್ತಿರದ ಪರೀಕ್ಷಿತ ವಿನ್ಯಾಸಗಳನ್ನು ಆಧಾರವಾಗಿಟ್ಟು, ಆ ಒಂದು ಗಂಡಿಗೇ ಅನ್ವಯಿಸುವ ಡ್ರಾಯಿಂಗ್ ಕೊಟ್ಟರು. ಪಕ್ಕದ ತೂತಿಗೂ ಅದು ನಡೆಯದು.

ಮೊದಲು ಗಂಡಿಯ ಅಂಚನ್ನು ಇಟ್ಟಿಗೆ, ಗಾರೆಯಿಂದ ಚೌಕ ಮಾಡಿದೆವು. ಬೆಂಕಿಯಲ್ಲಿ ಪಿವಿಸಿ ಕರಗಿ ತಾನಿದ್ದಲ್ಲಿ ತೂತು ಬಿಟ್ಟುಹೋಗುತ್ತದೆ. ಆದ್ದರಿಂದ ಅದಕ್ಕೆ ಬೇರೆ ನೇರ ತೂತು, ಸುತ್ತ ಕಾಲರ್. ಕಾವು ತಾಗಿದಾಗ ಕಾಲರಿನೊಳಗಿನ ವಸ್ತು ಉಬ್ಬಿ, ಮೆತ್ತಗಾದ ಪೈಪನ್ನು ಹಿಸುಕಿ ದಾರಿ ಮುಚ್ಚುತ್ತದೆ. ತಣ್ಣೀರಿನ ಪೈಪು ಉಕ್ಕಿನದಾದರೂ ಮೇಲಿನ ಇನ್ಸುಲೇಷನ್ ಸುಟ್ಟುಹೋಗುವಂಥದ್ದು. ಅದರ ಸುತ್ತ ಉಬ್ಬುವ ಪಟ್ಟಿ. ಕೇಬಲ್‌ಗಳ ನಡುನಡುವೆ ಸೀಲಂಟ್, ಉಳಿದಲ್ಲಿ ಒತ್ತಿ ತುಂಬಿದ ರಾಕ್‌ವೂಲ್, ಅದರ ಮೇಲೆ ಲೇಪನ. ಒಂದು ಪದರ ಮುಚ್ಚುವ ಮೊದಲು ಫೋಟೋ. ಹ್ಯಾಂಡೋವರ್ ನಾಲ್ಕು ದಿನ ತಡವಾಯಿತು. ನನ್ನ ವರ್ಷದ ಅಪ್ರೈಸಲ್‌ನಲ್ಲಿ ಆ ನಾಲ್ಕು ದಿನ ನಮೂದಾದವು. ತೂತಿನ ಮಾತು ಎಲ್ಲೂ ಇರಲಿಲ್ಲ.

ಈ ಕೆಲಸ ಮುಗಿಯಿತು ಎನ್ನುವಂತಿಲ್ಲ. ಯಾರೋ ಹೊಸ ಕೇಬಲ್ ಎಳೆಯಲು ಒಂದು ರಂಧ್ರ ಕೊರೆದರೆ ಎಲ್ಲ ಮೊದಲಿನಂತೆ. ಅದಕ್ಕೇ ಪಕ್ಕದಲ್ಲಿ ಲೇಬಲ್ ಅಂಟಿಸುತ್ತೇವೆ. ಅದನ್ನು ಓದುವವರು ಕಡಿಮೆ.

ಎರಡು ತಿಂಗಳ ನಂತರ ಬೇರೆ ಸೈಟಿನಲ್ಲಿದ್ದಾಗ ಆ ಸೂಪರ್‌ವೈಸರನ ಫೋನು ಬಂತು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅವನ ಕೆಲಸ ಇನ್ನೂ ನಡೆದಿತ್ತು.

“ಸರ, ಇಂಟರ್‌ನೆಟ್‌ನವರು ನಮ್ಮ ತೂತಿನ ಹಂತ್ಯಾಕ ಡ್ರಿಲ್ ಹಿಡ್ಕೊಂಡು ನಿಂತಾರ್ರೀ. ನಾ ಬಿಟ್ಟಿಲ್ಲ. ಏನ್ ಹೇಳ್ಲಿ ಅವರಿಗಿ?”