ಗೇರಿನ ಸನ್ನೆ

ಬಣ್ಣಾರಿ ಅಮ್ಮನ ಗುಡಿಯ ಮುಂದೆ ಕೈಮುಗಿದು ದಿಂಬಂ ಘಾಟಿಯನ್ನು ಏರತೊಡಗಿದವರಿಗೆ 27 ಹೇರ್‌ಪಿನ್ ತಿರುವುಗಳು ಒಂದರ ಮೇಲೊಂದು ಎದುರಾಗುತ್ತವೆ. ಅವನ್ನೆಲ್ಲ ಮುಗಿಸಿ, ಹಾಸನೂರಿನ ಕಾಡನ್ನು ದಾಟಿ, ತಾಳವಾಡಿಯ ಬಯಲಿಗೆ ಬಂದರೆ ಮತ್ತೆ ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಕಚೇರಿಯ ಕೆಲಸಕ್ಕೆ ಈರೋಡು, ನೆಂಟಸ್ತಿಕೆಗೆ ಚಾಮರಾಜನಗರ, ದುಡಿಮೆಗೆ ಕೊಯಮತ್ತೂರು ಎಂದು ಮೂರು ದಿಕ್ಕಿಗೆ ಹಂಚಿಹೋದ ಬದುಕು ಈ ಸೀಮೆಯವರದು. ಮೂರರಲ್ಲಿ ಎರಡು ದಿಕ್ಕಿಗೆ ಹೋಗಬೇಕಾದರೂ ಘಾಟಿಯನ್ನು ಇಳಿಯಲೇಬೇಕು. ಹೀಗಾಗಿ ಇಲ್ಲಿ ಕಾರು ಇಟ್ಟುಕೊಂಡವರು ಅದರ ಬಣ್ಣವನ್ನಾಗಲಿ ಹಾಡಿನ ಪೆಟ್ಟಿಗೆಯನ್ನಾಗಲಿ ಹೆಚ್ಚು ಮಾತಾಡುವುದಿಲ್ಲ; ಬ್ರೇಕು ಮತ್ತು ಗೇರಿನ ಮಾತೇ ಹೆಚ್ಚು.

ಈ ಸೀಮೆಯ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಮೇಷ್ಟರಾಗಿದ್ದು ನಿವೃತ್ತರಾದ ಹಿರಿಯರೊಬ್ಬರ ಮನೆಯಲ್ಲಿ ಒಂದು ಮಾರುತಿ 800 ಇತ್ತು. 1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಗಿರಾಕಿಯ ಕೈ ಸೇರಿ, 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಆ ಪುಟ್ಟ ಕಾರನ್ನು ಕಾಣದ ಊರು ಈ ದೇಶದಲ್ಲಿ ಕಡಿಮೆ. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್, ನಾಲ್ಕು ಗೇರು, ನಾಲ್ವರು ಕೂರುವಷ್ಟು ಜಾಗ. ಮೇಷ್ಟರು ಅದನ್ನು ನಿವೃತ್ತಿಯ ಹಣದಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡಿದ್ದರು. ಕೊಂಡದ್ದು ಶೋಕಿಗಲ್ಲ. ಅವರ ಮಡದಿಗೆ ಗ್ಲಾಕೋಮಾ. ಮೂರು ತಿಂಗಳಿಗೊಮ್ಮೆ ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಹೋಗಿ ಕಣ್ಣಿನೊಳಗಿನ ಒತ್ತಡವನ್ನು ಅಳೆಸಬೇಕಿತ್ತು. ಬಸ್ಸಿನಲ್ಲಿ ಘಾಟಿ ಇಳಿದರೆ ಆಕೆಗೆ ಹತ್ತನೆಯ ತಿರುವಿನೊಳಗೆ ವಾಂತಿ ಬರುತ್ತಿತ್ತು. ಕಾರಿನಲ್ಲಾದರೆ ಮೇಷ್ಟರು ನಿಧಾನವಾಗಿ, ಬೇಕೆಂದಾಗ ನಿಲ್ಲಿಸುತ್ತ, ಕರೆದೊಯ್ದು ಕರೆತರುತ್ತಿದ್ದರು.

ವರ್ಷಗಳು ಕಳೆದಂತೆ ಕಾರಿನ ಗೇರ್ ರಾಡ್ ಸಡಿಲವಾಯಿತು. ನ್ಯೂಟ್ರಲ್‌ನಲ್ಲಿದ್ದಾಗ ಅದು ಪಾಯಸದೊಳಗಿನ ಸೌಟಿನಂತೆ ಎತ್ತ ಬೇಕಾದರೂ ಆಡುತ್ತಿತ್ತು. ಮೂರರಿಂದ ಎರಡಕ್ಕೆ ಇಳಿಸುವಾಗ ಕೆಲವೊಮ್ಮೆ ಎರಡು ಸಿಗುತ್ತಲೇ ಇರಲಿಲ್ಲ. ಬಯಲಿನಲ್ಲಿ ಇದು ಬರಿಯ ಕಿರಿಕಿರಿ, ಘಾಟಿಯಲ್ಲಿ ಅಪಾಯ. ಯಾವ ಗೇರಿನಲ್ಲಿ ಏರುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಬೆಟ್ಟದ ರಸ್ತೆಯ ಹಳೆಯ ನಿಯಮ. ಎರಡನೆಯ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕಿನ ಹೊರೆ ಇಳಿಯುತ್ತದೆ. ತಿರುವಿನ ಬಾಯಲ್ಲಿ ಗೇರು ತಪ್ಪಿ ನ್ಯೂಟ್ರಲ್‌ನಲ್ಲೇ ಉಳಿದರೆ ಆ ಹಿಡಿತವೆಲ್ಲ ಒಮ್ಮೆಗೇ ಕೈಬಿಟ್ಟು, ಗಾಡಿಯ ಪೂರಾ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಮೇಷ್ಟರ ಮಗ ಕೊಯಮತ್ತೂರಿನ ಪಂಪ್‌ಸೆಟ್ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ನಿನ ಕೆಲಸಗಾರ. ಹಗಲೆಲ್ಲ ತಮಿಳು, ರಾತ್ರಿ ಮನೆಗೆ ಫೋನ್ ಮಾಡಿದಾಗ ಕನ್ನಡ. ಅಲ್ಲಿನ ಗೆಳೆಯರ ಸಹವಾಸದಿಂದ ಅವನಿಗೆ ಕಾರುಗಳನ್ನು ತಿದ್ದುವ ಹುಚ್ಚು ಹತ್ತಿತ್ತು. ಓಟದ ಕಾರುಗಳಲ್ಲಿರುವಂತೆ ಗೇರ್ ರಾಡನ್ನು ಗಿಡ್ಡ ಮಾಡಿದರೆ ಕೈ ಚಲಿಸಬೇಕಾದ ದೂರ ಕಡಿಮೆಯಾಗುತ್ತದೆ, ಗೇರು ಚಕ್ಕನೆ ಬೀಳುತ್ತದೆ ಎಂದು ಅವರು ಹೇಳಿದ್ದರು. ಅದು ಸುಳ್ಳಲ್ಲ. ಅಪ್ಪನ ಕಾರಿನ ರೋಗಕ್ಕೆ ಇದೇ ಮದ್ದು ಎಂದು ಅವನು ತೀರ್ಮಾನಿಸಿದ. ದೀಪಾವಳಿಗೆ ಊರಿಗೆ ಬಂದಾಗ, ಸುತ್ತಲಿನ ಹಳ್ಳಿಗಳವರೆಲ್ಲ ಗೊರೆಹಬ್ಬ ನೋಡಲು ಗುಮಟಾಪುರಕ್ಕೆ ಹೊರಟಿದ್ದ ದಿನ, ಅವನು ಮನೆಯಂಗಳದಲ್ಲಿ ಕಾರಿನ ಪಕ್ಕ ಚಾಪೆ ಹಾಸಿ ಕುಳಿತ. ರಾಡನ್ನು 7 ಸೆಂಟಿಮೀಟರ್ ಕತ್ತರಿಸಿ, ತುದಿಗೆ ಹೊಸದಾಗಿ ಮರೆ ಕೊರೆದು, ಪೇಟೆಯಿಂದ ತಂದಿದ್ದ ಹೊಳೆಯುವ ಅಲ್ಯುಮಿನಿಯಂ ಗುಂಡನ್ನು ತಿರುಗಿಸಿ ಕೂರಿಸಿದ. ಸಂಜೆ ಊರ ಹೊರಗಿನ ರಸ್ತೆಯಲ್ಲಿ ಓಡಿಸಿ ನೋಡಿದಾಗ ಅವನಿಗೆ ಕಾರು ಹತ್ತು ವರ್ಷ ಚಿಕ್ಕದಾದಂತೆ ಅನ್ನಿಸಿತು.

ಮೇಷ್ಟರು ಗುಂಡನ್ನು ಮುಟ್ಟಿ ನೋಡಿ, "ಚೆನ್ನಾಗದೆ ಮಗ" ಎಂದಷ್ಟೇ ಹೇಳಿದರು. ಕತ್ತರಿಸಿ ಬಿದ್ದಿದ್ದ ತುಂಡನ್ನು ಎತ್ತಿ ಒರೆಸಿ, ತಮ್ಮ ಮೇಜಿನ ಖಾನೆಯೊಳಗೆ ಇಟ್ಟುಕೊಂಡರು. ಯಾವುದನ್ನೂ ಎಸೆಯದಿರುವುದು ಅವರ ಹಳೆಯ ಅಭ್ಯಾಸ. ಮಗ ಅದರಲ್ಲಿ ಬೇರೆ ಅರ್ಥವನ್ನು ಹುಡುಕಲಿಲ್ಲ.

ಆಮೇಲೆ ಫೋನಿನಲ್ಲಿ ಕಾರಿನ ಸುದ್ದಿ ಕೇಳಿದಾಗಲೆಲ್ಲ ಮೇಷ್ಟರಿಂದ ಒಂದೊಂದು ಉತ್ತರ ಬರುತ್ತಿತ್ತು. ಪೆಟ್ರೋಲು ದುಬಾರಿ, ಮಂಜು ಜಾಸ್ತಿ, 2022ರಲ್ಲಿ ಮದರಾಸು ಹೈಕೋರ್ಟಿನ ಆದೇಶ ಬಂದಂದಿನಿಂದ ರಾತ್ರಿ ಹೊತ್ತು ಘಾಟಿಯಲ್ಲಿ ಓಡಾಡಲು ಕಟ್ಟುಪಾಡು, ಆಸ್ಪತ್ರೆಯಲ್ಲಿ ತಡವಾದರೆ ಗೇಟಿನಲ್ಲಿ ಸಿಕ್ಕಿಕೊಳ್ಳುತ್ತೇವೆ. ಪ್ರತಿಯೊಂದು ಮಾತೂ ನಿಜವೇ. ಆದರೆ ಆ ನಿಜಗಳೆಲ್ಲ ಮೊದಲೂ ಇದ್ದವು, ಆಗ ಅವರು ಹೋಗಿಬರುತ್ತಿದ್ದರು ಎಂಬುದು ಮಗನಿಗೆ ಹೊಳೆಯಲಿಲ್ಲ.

ಯುಗಾದಿಗೆ ಬಂದಾಗ ಅವನು ತಾಯಿಯ ಆಸ್ಪತ್ರೆಯ ಚೀಟಿಯನ್ನು ನೋಡಿದ. ಎರಡು ತಪಾಸಣೆಗಳು ತಪ್ಪಿಹೋಗಿದ್ದವು. ಮಾರನೆಯ ಬೆಳಗ್ಗೆಯೇ ಕಾರು ಹೊರಡಿಸಿದ. ಪಕ್ಕದಲ್ಲಿ ಮೇಷ್ಟರು, ಹಿಂದೆ ತಾಯಿ. ಘಾಟಿ ಇಳಿಯುವಾಗ, ಮೇಲಿನಿಂದ ಆರನೆಯ ತಿರುವೋ ಏಳನೆಯದೋ, ಅವನು ಮೂರರಿಂದ ಎರಡಕ್ಕೆ ಎಳೆದ. ರಾಡ್ ಚಕ್ಕನೆ ಬಂತು. ಆದರೆ ಗೇರು ಬೀಳಲಿಲ್ಲ. ಎಂಜಿನ್ನು ಹಗುರಾಗಿ ಕೂಗಿತು, ಗಾಡಿ ಮುಂದಕ್ಕೆ ನುಗ್ಗಿತು. ಬ್ರೇಕನ್ನು ಬಲವಾಗಿ ತುಳಿದು, ಇನ್ನೊಮ್ಮೆ ಕ್ಲಚ್ ಒತ್ತಿ ರಾಡನ್ನು ಜಗ್ಗಿದಾಗ ಎರಡು ಸಿಕ್ಕಿತು. ಎದುರಿನಿಂದ ಬರುತ್ತಿದ್ದ ತರಕಾರಿ ಲಾರಿ ಹಾರನ್ ಹೊಡೆಯುತ್ತ ಪಕ್ಕದಲ್ಲಿ ಹಾದುಹೋಯಿತು. ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಮಗನಿಗೆ ಆಗ ತಿಳಿಯಿತು: ಸಡಿಲ ಎಲ್ಲಿಗೂ ಹೋಗಿರಲಿಲ್ಲ. ರಾಡು ಗಿಡ್ಡವಾದದ್ದರಿಂದ ಅದು ಕೈಗೆ ಗೊತ್ತಾಗದಂತಾಗಿತ್ತು, ಅಷ್ಟೆ.

ಆಸ್ಪತ್ರೆಯಲ್ಲಿ ವೈದ್ಯರು ಎಡಗಣ್ಣಿನ ಒತ್ತಡ ಏರಿದೆ ಎಂದರು. ಹನಿ ಔಷಧವನ್ನು ಬದಲಿಸಿದರು. ಈ ಕಾಯಿಲೆಯಲ್ಲಿ ಒಮ್ಮೆ ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳುವುದಷ್ಟೇ ಸಾಧ್ಯ, ಆದ್ದರಿಂದ ತಪಾಸಣೆ ತಪ್ಪಿಸಕೂಡದು ಎಂದು ಮೆತ್ತಗೆ ಗದರಿದರು. ಮೇಷ್ಟರು ತಲೆ ತಗ್ಗಿಸಿ ಕೇಳಿಸಿಕೊಂಡರು. ಔಷಧದ ಕಿಟಕಿಯ ಮುಂದೆ ಅವರು ಸಾಲಿನಲ್ಲಿ ನಿಂತಿದ್ದಾಗ ತಾಯಿ ಮಗನ ಕೈಹಿಡಿದು ಹೇಳಿದರು: "ಅವರನ್ನ ಬೈಬ್ಯಾಡ ಕನ ಮಗ. ನಿಮ್ಮಪ್ಪನ ಎಡಭುಜ ಹಿಡ್ಕಂಡದೆ. ಆ ಗಿಡ್ಡ ರಾಡಿಗೆ ಬಗ್ಗಿ ತಳ್ಳಕ್ಕಾಗದಿಲ್ಲ. ಎರಡು ಸಲ ಹೊರಟು, ಊರ ಬಾಗಿಲಿಂದ ವಾಪಸ್ ಬಂದೊ. ನೀನು ಮಾಡ್ಕೊಟ್ಟಿದ್ದಲ್ವ, ಅದಕ್ಕೆ ಬಾಯಿ ಬುಡ್ನಿಲ್ಲ."

ಸಕ್ಕರೆ ಕಾಯಿಲೆಯಿದ್ದವರ ಭುಜ ಹೀಗೆ ಬಿಗಿದುಕೊಳ್ಳುವುದುಂಟು. ನಮ್ಮ ದೇಶದ ಕಾರುಗಳಲ್ಲಿ ಚಾಲಕ ಬಲಗಡೆ ಕೂರುವುದರಿಂದ ಗೇರಿನ ಕೆಲಸವೆಲ್ಲ ಎಡಗೈಯದು. ಹಿಂದಿನ ಎತ್ತರದ ರಾಡಿಗೆ ಮೇಷ್ಟರ ಕೈ ತೊಡೆಯ ಮೇಲಿನಿಂದ ಹಾಗೇ ಸರಿದರೆ ಸಾಕಾಗುತ್ತಿತ್ತು. ಹೊಸದಕ್ಕೆ ಭುಜವನ್ನು ಇಳಿಸಿ ಮುಂದಕ್ಕೆ ಚಾಚಬೇಕಿತ್ತು; ಚಾಚಿದ ಮೇಲೆ ಹೆಚ್ಚು ಬಲವನ್ನೂ ಹಾಕಬೇಕಿತ್ತು. ಬಿಸಿಲಿನಲ್ಲಿ ನಿಂತ ಕಾರಿನ ಲೋಹದ ಗುಂಡು ಅಂಗೈಯನ್ನು ಸುಡುತ್ತಿದ್ದುದು ಬೇರೆ.

ಅಂದು ರಾತ್ರಿ ಊಟವಾದ ಮೇಲೆ ಮಗ ತಾನಾಗಿಯೇ ಮಾತು ತೆಗೆದ. "ಅಪ್ಪಾಜಿ, ಭುಜದ ಇಸ್ಯ ನಂಗ್ಯಾಕೆ ಹೇಳ್ನಿಲ್ಲ ನೀವು?" ಮೇಷ್ಟರು ಅದಕ್ಕೆ ಉತ್ತರ ಕೊಡಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಕಿ, ಪೆನ್ಸಿಲಿನಿಂದ ಒಂದು ಓರೆಗೆರೆ ಎಳೆದು, ಅದರ ಕೆಳಭಾಗದಲ್ಲಿ ಒಂದು ತ್ರಿಕೋನ ಬರೆದರು. ಸನ್ನೆ ಮತ್ತು ಆನಿಕೆ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಅವರು ಬರೆದ ಚಿತ್ರ. ಅದೇ ಶಾಲೆಯ ಮುಂದಿನ ಬೆಂಚಿನಲ್ಲಿ ಕುಳಿತು ಮಗನೂ ಬರೆದುಕೊಂಡಿದ್ದ ಚಿತ್ರ. "ಆನಿಕೆಯಿಂದ ಮೇಲಕ್ಕೆ ಎಷ್ಟಿತ್ತು?" ಎಂದು ಕೇಳಿದರು. 28 ಸೆಂಟಿಮೀಟರ್. "ಕೆಳಕ್ಕೆ?" 7. ಅಂದರೆ ನಾಲ್ಕಕ್ಕೆ ಒಂದು. ಮೇಲಿನ ಗುಂಡು 12 ಸೆಂಟಿಮೀಟರ್ ಚಲಿಸಿದರೆ ಕೆಳತುದಿ 3 ಸೆಂಟಿಮೀಟರ್ ಚಲಿಸುತ್ತದೆ. ಮೇಲೆ 7 ಕತ್ತರಿಸಿದರೆ ಉಳಿದದ್ದು 21; ಮೂರಕ್ಕೆ ಒಂದು. ಈಗ ಗುಂಡು 9 ಸೆಂಟಿಮೀಟರ್ ಚಲಿಸಿದರೆ ಸಾಕು. ಆದರೆ ಮೊದಲು 3 ಕಿಲೋ ಬಲ ಸಾಕಾಗುತ್ತಿದ್ದ ಕಡೆ ಈಗ 4 ಕಿಲೋ ಬೇಕು. ದೂರದಲ್ಲಿ ಉಳಿಸಿದ್ದನ್ನು ಬಲದಲ್ಲಿ ತೆರಬೇಕು. "ಸನ್ನೆಯಲ್ಲಿ ಯಾವುದೂ ಪುಕ್ಕಟೆ ಸಿಗಾದಿಲ್ಲ ಮಗ" ಎಂದು ಮೇಷ್ಟರು ಪೆನ್ಸಿಲನ್ನು ಕೆಳಗಿಟ್ಟರು.

ಮಗನಿಗೆ ಈ ಲೆಕ್ಕ ತಿಳಿಯದ್ದೇನಲ್ಲ. ದಿನವೂ ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ಅಳೆಯುವ ಕೈ ಅವನದು. ನಕ್ಷೆಯಿಲ್ಲದೆ ಯಾರದೇ ಕೆಲಸವನ್ನು ಲೇತಿಗೆ ಏರಿಸುವವನೂ ಅಲ್ಲ. ರಾಡಿನ ಉದ್ದ, ಮರೆಯ ಅಂತರ, ಗುಂಡಿನ ತೂಕ ಎಲ್ಲವನ್ನೂ ಅವನು ಅಳೆದಿದ್ದ. ಅದನ್ನು ಹಿಡಿಯಬೇಕಾದ ಕೈಯೊಂದನ್ನು ಮಾತ್ರ ಅಳೆದಿರಲಿಲ್ಲ. ಉಡುಗೊರೆಯಾಗಿ ಬಂದದ್ದನ್ನು ಬೇಡವೆನ್ನಲು ತಂದೆಯ ನಾಲಿಗೆ ಹೊರಳಲಿಲ್ಲ. ಇಬ್ಬರ ಈ ಮೌನದ ಬೆಲೆಯನ್ನು ತೆತ್ತದ್ದು ತಾಯಿಯ ಕಣ್ಣು.

ಮಾರನೆಯ ದಿನ ಅವನು ಮೊದಲೇ ಮಾಡಬೇಕಿದ್ದ ಕೆಲಸವನ್ನು ಕ್ರಮವಾಗಿ ಮಾಡಿದ. ಕ್ಲಚ್ ಕೇಬಲ್ಲಿನ ಬಿಗಿ ನೋಡಿದ, ಸರಿಯಿತ್ತು. ಗೇರ್ ಆಯಿಲ್ ನೋಡಿದ, ಹಳೆಯದಾಗಿತ್ತು, ಬದಲಿಸಿದ. ಎಂಜಿನ್ನಿನ ಮೌಂಟಿಂಗ್ ರಬ್ಬರುಗಳನ್ನು ಅಲುಗಿಸಿ ನೋಡಿದ. ಆಮೇಲೆ ಕಾರಿನ ಕೆಳಗೆ ನುಸುಳಿದ. ಈ ಕಾರಿನಲ್ಲಿ ಗೇರ್ ರಾಡಿನ ಬುಡದಿಂದ ಮುಂದಿನ ಗೇರ್ ಬಾಕ್ಸಿನವರೆಗೆ ಎರಡು ಉದ್ದನೆಯ ಕಂಬಿಗಳು ಹೋಗುತ್ತವೆ. ಒಂದು ಕೈಯ ಚಲನೆಯನ್ನು ಮುಟ್ಟಿಸುತ್ತದೆ. ಇನ್ನೊಂದು, ಎಂಜಿನ್ನು ಅಲುಗಿದಾಗ ರಾಡಿನ ಬುಡವೂ ಅದರ ಜೊತೆಗೇ ಅಲುಗುವಂತೆ ಹಿಡಿದಿಡುತ್ತದೆ. ಕೀಲುಗಳಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಬುಷ್‌ಗಳಿರುತ್ತವೆ. ಅವುಗಳಲ್ಲಿ ಒಂದು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಇನ್ನೊಂದು ಪುಡಿಯಾಗಿ ಬರಿಯ ಕಬ್ಬಿಣದ ಮೇಲೆ ಕಬ್ಬಿಣ ಆಡುತ್ತಿತ್ತು. ಕೈಯ ಚಲನೆಯಲ್ಲಿ ಒಂದಿಷ್ಟು ಅಲ್ಲೇ ಸೋರಿಹೋಗಿ, ಉಳಿದದ್ದು ಎರಡನೆಯ ಗೇರನ್ನು ಮುಟ್ಟಲು ಸಾಲುತ್ತಿರಲಿಲ್ಲ.

ಕೊಯಮತ್ತೂರಿಗೆ ಹಿಂದಿರುಗಿದವನು ಕೆಲಸ ಮುಗಿದ ಮೇಲೆ ನೈಲಾನ್ ಸರಳನ್ನು ಲೇತಿಗೆ ಕಟ್ಟಿ ಹೊಸ ಬುಷ್‌ಗಳನ್ನು ಕಡೆದ. ಎಲ್ಲ ಕಡೆಯೂ ಗಟ್ಟಿಯಾದದ್ದನ್ನೇ ಹಾಕಿದರೆ ಎಂಜಿನ್ನಿನ ನಡುಕ ನೇರವಾಗಿ ಕೈಗೆ ಬರುತ್ತದೆಂದು ಬುಡದ ಆಧಾರಕ್ಕೆ ರಬ್ಬರನ್ನೇ ಉಳಿಸಿ, ಚಲನೆಯ ಕೀಲುಗಳಿಗಷ್ಟೇ ನೈಲಾನ್ ಇಟ್ಟ. ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವ ಅಂಗಡಿಯಲ್ಲಿ ಪೂರ್ತಿ ಉದ್ದದ ರಾಡೊಂದು ಸಿಕ್ಕಿತು. ಮುಂದಿನ ಭಾನುವಾರ ಊರಿಗೆ ಬಂದು ಮೇಷ್ಟರನ್ನು ಚಾಲಕನ ಆಸನದಲ್ಲಿ ಕೂರಿಸಿ, "ಭುಜ ಎತ್ತದೆ, ಬಗ್ಗದೆ, ಕೈ ಎಲ್ಲಿಗೆ ಬತ್ತದೆ ಅಲ್ಲೇ ಇಟ್ಕಳಿ ಅಪ್ಪಾಜಿ" ಎಂದ. ಅಂಗೈ ನಿಂತ ಜಾಗದಿಂದ ರಾಡಿನ ಬುಡದವರೆಗೆ ದಾರ ಹಿಡಿದು ಅಳೆದ. ರಾಡನ್ನು ಕಾಯಿಸಿ ಚಾಲಕನ ಕಡೆಗೆ 3 ಸೆಂಟಿಮೀಟರ್ ಬಾಗಿಸಿದ. ತುದಿಗೆ ಅಲ್ಯುಮಿನಿಯಂ ಗುಂಡಿನ ಬದಲು, ಅಂಕಿಗಳು ಸವೆದುಹೋಗಿದ್ದ ಹಳೆಯ ಕರಿಯ ಗುಂಡನ್ನೇ ಮತ್ತೆ ಕೂರಿಸಿದ. ಎಲ್ಲ ಸೇರಿ ಆದ ಖರ್ಚು ಆ ಹೊಳೆಯುವ ಗುಂಡಿನ ಬೆಲೆಗಿಂತ ಕಡಿಮೆ.

ಸನ್ನೆ ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥ: ಭಾರವನ್ನು ಎತ್ತುವ ಕೋಲೂ ಸನ್ನೆ, ಬಾಯಿ ಬಿಡದೆ ಕೈಯಿಂದ ತಿಳಿಸುವುದೂ ಸನ್ನೆ. ತರಗತಿಯಲ್ಲಿ ಮಕ್ಕಳನ್ನು ನಗಿಸಲು ಮೇಷ್ಟರು ಇದನ್ನು ಹೇಳುತ್ತಿದ್ದುದುಂಟು. ಮೇಜಿನ ಖಾನೆಯಲ್ಲಿ ಎತ್ತಿಟ್ಟ ಆ ತುಂಡು ಮೊದಲ ದಿನವೇ ಮಾಡಿದ ಸನ್ನೆಯಾಗಿತ್ತೆಂದು ಮಗನಿಗೆ ಅರ್ಥವಾಗಲು ಐದು ತಿಂಗಳು ಹಿಡಿಯಿತು.

ಆಷಾಢದ ತಪಾಸಣೆಗೆ ಮೇಷ್ಟರೇ ಕಾರು ಓಡಿಸಿದರು. ರಜೆ ಹಾಕಿ ಬಂದಿದ್ದ ಮಗ ಪಕ್ಕದಲ್ಲಿ ಕುಳಿತಿದ್ದ. ದಿಂಬಂ ದಾಟಿ ಇಳಿಜಾರು ಶುರುವಾದಾಗ ಅವರು ಮೂರರಿಂದ ಎರಡಕ್ಕೆ ತಂದರು. ಭುಜ ಕದಲಲಿಲ್ಲ, ಮುಂಗೈಯಷ್ಟೇ ಹಿಂದಕ್ಕೆ ಸರಿಯಿತು. ಎಂಜಿನ್ನು ಗಂಟಲು ತಗ್ಗಿಸಿ ಗಾಡಿಯನ್ನು ಹಿಡಿದುಕೊಂಡಿತು. "ಬಿತ್ತು" ಎಂದರು ಮೇಷ್ಟರು, ತಮ್ಮಷ್ಟಕ್ಕೆ. ಹಿಂದಿನ ಆಸನದಲ್ಲಿ ತಾಯಿ ಆಸ್ಪತ್ರೆಯ ಚೀಟಿಯನ್ನು ಮಡಿಲಲ್ಲಿಟ್ಟುಕೊಂಡು, ತಿರುವಿನ ಕಲ್ಲಿನ ಮೇಲೆ ಬರೆದ ಅಂಕಿಗಳನ್ನು ಬಲಗಣ್ಣಿನಿಂದ ಒಮ್ಮೆ, ಎಡಗಣ್ಣಿನಿಂದ ಒಮ್ಮೆ ಓದಿ ನೋಡುತ್ತಿದ್ದರು.