ಹಸುವಿನಿಂದ ಜಿರಾಫೆಯವರೆಗೆ

ಬರ್ಕ್ಲಿಯಲ್ಲಿ ಹತ್ತಿದ ರೈಲು ಬಹಳ ಹೊತ್ತು ಕೊಲ್ಲಿಯ ಅಂಚನ್ನೇ ಹಿಡಿದು ಓಡುತ್ತದೆ. ಎಡಗಡೆ ನೀರು, ಬಲಗಡೆ ಏಪ್ರಿಲ್‌ನ ಹಸಿರು ಹೊದ್ದ ಗುಡ್ಡಗಳು. ಸುಯ್ಸನ್ ಜೌಗು ದಾಟಿದ್ದೇ ತಡ, ನೆಲ ಒಮ್ಮೆಗೇ ಮಟ್ಟಸವಾಗಿಬಿಡುತ್ತದೆ. ಟೊಮೆಟೊ ಹೊಲ, ಬಾದಾಮಿ ತೋಟ, ಅಕ್ರೋಟು ತೋಟ, ಮತ್ತೆ ಟೊಮೆಟೊ ಹೊಲ. ಕ್ಯಾಲಿಫೋರ್ನಿಯಾದ ಈ ನಡುಬಯಲಿನಲ್ಲಿರುವ ಡೇವಿಸ್ ಎಂಬ ಊರಿಗೆ ನಾನು ಹೊರಟಿದ್ದು ಒಬ್ಬ ಪಶುವೈದ್ಯರ ಜಾಡು ಹಿಡಿದು. ಅವರು ತೀರಿಕೊಂಡು ವರ್ಷಗಳಾಗಿವೆ. ಆದರೆ ಅವರು ಪಾಠ ಹೇಳಿದ ಕಾಲೇಜಿದೆ, ಅವರ ಶಿಷ್ಯರ ಶಿಷ್ಯರಿದ್ದಾರೆ. ಬಯಲಿನ ಆ ತುದಿಯಲ್ಲಿ ಜಿರಾಫೆ, ಹುಲಿ, ರಾಜಹಂಸಗಳ ಒಂದು ಪುಟ್ಟ ಮೃಗಾಲಯವೂ ಇದೆ.

ಡೇವಿಸ್ ನಿಲ್ದಾಣದ ಹೊರಗೆ ಸಾಲುಗಟ್ಟಿ ನಿಂತಿದ್ದ ಸೈಕಲ್ಲುಗಳನ್ನು ನೋಡಿಯೇ ಬೆರಗಾದೆ. ಕರೆದೊಯ್ಯಲು ಬಂದ ತಂಗಿಯ ಮಗಳು, "ದೊಡ್ಡಮ್ಮ, ಇಲ್ಲಿ ರಸ್ತೆ ದಾಟೋವಾಗ ಕಾರಿಗಲ್ಲ, ಸೈಕಲ್ಲಿಗೆ ಹೆದರ್ಬೇಕು" ಎಂದಳು. ಅಮೆರಿಕದಲ್ಲಿ ರಸ್ತೆಯ ಮೇಲೆ ಸೈಕಲ್ಲಿಗೆಂದೇ ಗೆರೆ ಎಳೆದು ಜಾಗ ಬಿಟ್ಟ ಮೊದಲ ಊರು ಇದು, 1967ರಲ್ಲಿ. ನಾವು ಹೋದದ್ದು ವಿಶ್ವವಿದ್ಯಾಲಯದ 'ಪಿಕ್ನಿಕ್ ಡೇ' ದಿನ. ಹಿಂದೆ ಈ ವಿಶ್ವವಿದ್ಯಾಲಯ ಬರೀ ಕೃಷಿಶಾಲೆಯಾಗಿತ್ತು. 1909ರಲ್ಲಿ ಸುತ್ತಲಿನ ಜನರನ್ನು ಬುತ್ತಿ ಕಟ್ಟಿಕೊಂಡು ಬನ್ನಿ ಎಂದು ಕರೆದದ್ದೇ ಬೆಳೆದು ಈಗ ಊರಜಾತ್ರೆಯಾಗಿದೆ. ಒಂದು ಕಡೆ ಗಿಡ್ಡಕಾಲಿನ ಡ್ಯಾಶ್‌ಹುಂಡ್ ನಾಯಿಗಳ ಓಟದ ಪಂದ್ಯ, ಇನ್ನೊಂದು ಕಡೆ ಕುರಿನಾಯಿಗಳ ಕಸರತ್ತು. ಎಲ್ಲಕ್ಕಿಂತ ಉದ್ದದ ಸರತಿ ಮಾತ್ರ ಒಂದು ಹಸುವಿನ ಮುಂದೆ.

ಆ ಹಸುವಿನ ಎಡ ಪಕ್ಕೆಯಲ್ಲಿ ಒಂದು ಕಿಂಡಿ. ಶಸ್ತ್ರಚಿಕಿತ್ಸೆ ಮಾಡಿ ಕೂರಿಸಿದ ರಬ್ಬರಿನ ಬಳೆ, ಅದಕ್ಕೊಂದು ಬಿರಡೆ. ಬಿರಡೆ ತೆಗೆದರೆ ಹೊಟ್ಟೆಯ ಮೊದಲ ಕೋಣೆ, ರೂಮೆನ್. ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು ತೊಟ್ಟು ನಾನೂ ಕೈ ಇಳಿಸಿದೆ. ಒಳಗೆ ಬಿಸಿ. ನೆನೆದ ಹುಲ್ಲು ಒತ್ತೊತ್ತಾಗಿ ಕೈಗೆ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಇಡೀ ಕೋಣೆ ನಿಧಾನವಾಗಿ ಕುಗ್ಗಿ ನನ್ನ ತೋಳನ್ನು ಹಿಂಡಿ ಬಿಟ್ಟಿತು. ಹಸು ತಿರುಗಿ ಕೂಡ ನೋಡಲಿಲ್ಲ, ಮೆಲುಕು ಹಾಕುತ್ತಲೇ ಇತ್ತು. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ವಿವರಿಸಿದಳು: ಹುಲ್ಲನ್ನು ಅರಗಿಸುವುದು ಹಸುವಲ್ಲ, ಒಳಗಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಹಸುವಿಗೆ ಮದ್ದು ಕೊಡುವವರು ಅವುಗಳ ಯೋಗಕ್ಷೇಮವನ್ನೂ ಯೋಚಿಸಬೇಕು. ಹೊರಡುವಾಗ ಅವಳು ಹೇಳಿದ ಮಾತು ಉಳಿದ ಪ್ರಯಾಣದುದ್ದಕ್ಕೂ ನನ್ನ ಜೊತೆಗೇ ಬಂತು: "ಜಿರಾಫೆಯ ಹೊಟ್ಟೆಯೂ ಹೀಗೆಯೇ ಇದೆ. ಆದರೆ ಜಿರಾಫೆಯನ್ನು ಹಸು ಅಂದುಕೊಂಡರೆ ಅದು ಸತ್ತುಹೋಗುತ್ತದೆ."

ನಾನು ಹುಡುಕಿ ಬಂದ ಮರ್ರೆ ಫೌಲರ್ ಅವರ ಬದುಕೂ ಹಸು–ಕುದುರೆಗಳ ಕೊಟ್ಟಿಗೆಯಿಂದಲೇ ಶುರುವಾಯಿತು. 1928ರಲ್ಲಿ ಹುಟ್ಟಿದ ಅವರು 1955ರಲ್ಲಿ ಅಯೋವಾದಲ್ಲಿ ಪಶುವೈದ್ಯ ಪದವಿ ಪಡೆದು 1958ರಲ್ಲಿ ಡೇವಿಸ್‌ಗೆ ಬಂದರು. ಬೆಂಗಳೂರಿನ ಹೆಬ್ಬಾಳದಲ್ಲಿ ನಮ್ಮ ಪಶುವೈದ್ಯ ಕಾಲೇಜು ಬಾಗಿಲು ತೆರೆದದ್ದೂ ಅದೇ ವರ್ಷ. ಡೇವಿಸ್ ಕಾಲೇಜಿಗೆ ಆಗ ಹತ್ತು ವರ್ಷ. ಫೌಲರ್ ದೊಡ್ಡ ಪ್ರಾಣಿಗಳ ಶಸ್ತ್ರಚಿಕಿತ್ಸೆ ಬಲ್ಲವರು, ದನಕರುಗಳನ್ನು ಕೊಲ್ಲುವ ವಿಷಗಿಡಗಳ ವಿಷಯದಲ್ಲೂ ಪರಿಣತರು. ಆ ಕಾಲದ ಪಶುವೈದ್ಯ ಪಠ್ಯವೆಂದರೆ ಹಸು, ಕುದುರೆ, ಹಂದಿ, ಕುರಿ, ಕೋಳಿ, ನಾಯಿ, ಬೆಕ್ಕು, ಅಷ್ಟೇ. ಮೃಗಾಲಯದಲ್ಲಿ ಹುಲಿಗೆ ಹುಷಾರು ತಪ್ಪಿದರೆ ಬೆಕ್ಕಿನ ಪುಸ್ತಕ, ಜೀಬ್ರಾಗೆ ಕುದುರೆಯ ಪುಸ್ತಕ. ಹಾವಿಗೆ, ಹದ್ದಿಗೆ, ಆನೆಗೆ ಯಾವ ಪುಸ್ತಕ? ಫೌಲರ್ 1960ರ ದಶಕದ ಕೊನೆಯಲ್ಲಿ ಇಂಥ ಪ್ರಾಣಿಗಳ ವೈದ್ಯವನ್ನು ಕಾಲೇಜಿನೊಳಗೆ ಒಂದು ಪಾಠವಾಗಿ ತಂದು ಕೂರಿಸಿದರು. ಪಕ್ಕದ ಸ್ಯಾಕ್ರಮೆಂಟೊ ನಗರದ ಮೃಗಾಲಯ ವಿದ್ಯಾರ್ಥಿಗಳಿಗೆ ಎರಡನೇ ತರಗತಿಯಾಯಿತು. 1978ರಲ್ಲಿ ಅವರು ಸಂಪಾದಿಸಿದ, ಮೃಗಾಲಯದ ಮತ್ತು ಕಾಡಿನ ಪ್ರಾಣಿಗಳ ವೈದ್ಯದ ದಪ್ಪ ಗ್ರಂಥ ಬಂತು. ಹೊಸ ಹೊಸ ಸಂಪುಟಗಳಾಗಿ ಬೆಳೆದ ಆ ಗ್ರಂಥದ ಹೆಸರಿನೊಳಗೆ ಈಗ 'ಫೌಲರ್' ಕೂಡ ಸೇರಿದೆ.

ಹೆದ್ದಾರಿಯ ಆಚೆ, ಹಳೆಯ ಡೇವಿಸ್ ರಸ್ತೆಯಲ್ಲಿ, ಕಾಲೇಜಿಗೇ ಸೇರಿದ ಹದ್ದು–ಗೂಬೆಗಳ ಆಸ್ಪತ್ರೆಯೊಂದಿದೆ. 1972ರಿಂದ ನಡೆಯುತ್ತಿರುವ ಈ ರ‍್ಯಾಪ್ಟರ್ ಸೆಂಟರಿಗೆ ಕಾರಿಗೆ ಬಡಿದ ಗೂಬೆ, ತಂತಿಗೆ ಸಿಕ್ಕಿದ ಗಿಡುಗ, ಗೂಡಿನಿಂದ ಬಿದ್ದ ಮರಿಗಳನ್ನು ಜನ ಹೊತ್ತು ತರುತ್ತಾರೆ. ಹಾರಲಾರದ ಕೆಲವು ಇಲ್ಲೇ ಉಳಿಯುತ್ತವೆ. ಹಕ್ಕಿಯನ್ನು ಎತ್ತಿಕೊಳ್ಳುವುದೂ ಒಂದು ವಿದ್ಯೆಯೆಂದು ತಿಳಿದದ್ದು ಇಲ್ಲಿ. ನಮಗಿರುವಂತೆ ಅದಕ್ಕೆ ವಪೆಯಿಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರು. ಪ್ರೀತಿಯಿಂದಲೇ ಆಗಲಿ, ಎದೆಯನ್ನು ಬಿಗಿಯಾಗಿ ಹಿಡಿದರೆ ಮೂಗು ತೆರೆದಿದ್ದರೂ ಹಕ್ಕಿ ಉಸಿರುಕಟ್ಟಿ ಸಾಯುತ್ತದೆ. ಅದರ ಗಾಳಿಚೀಲಗಳು ರೆಕ್ಕೆಯ ಮೂಳೆಯೊಳಕ್ಕೂ ಚಾಚಿಕೊಂಡಿವೆ. ಹಾಗಾಗಿ ಆ ಮೂಳೆ ಮುರಿದಾಗ ಗಾಯ ತೊಳೆಯುವ ನೀರು ಶ್ವಾಸಕೋಶಕ್ಕೆ ಇಳಿಯದಂತೆ ನೋಡಿಕೊಳ್ಳಬೇಕು.

ಕೆಂಪುತಲೆಯ ಟರ್ಕಿ ರಣಹದ್ದು ಈ ಬಯಲಿನ ಆಕಾಶದಲ್ಲಿ ಎಲ್ಲೆಲ್ಲೂ ಇದೆ. ಅದನ್ನು ನೋಡುತ್ತ ನನಗೆ ನೆನಪಾದದ್ದು ರಾಮನಗರದ ರಾಮದೇವರ ಬೆಟ್ಟ. ಅಲ್ಲಿನ ಬಂಡೆಗಳಲ್ಲಿ ಉಳಿದ ಕೆಲವೇ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಧಾಮ ಘೋಷಿಸಬೇಕಾಯಿತು. 1990ರ ದಶಕದಲ್ಲಿ ಇಡೀ ಭಾರತದ ರಣಹದ್ದುಗಳು ನೋಡನೋಡುತ್ತಲೇ ಕಾಣೆಯಾಗಿದ್ದವು. ಕಾರಣ ಬಯಲಾದದ್ದು 2004ರಲ್ಲಿ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಹಸುವಿಗೆ ಒಳ್ಳೆಯ ಮದ್ದು, ಆದರೆ ಸತ್ತ ಹಸುವನ್ನು ತಿಂದ ನಮ್ಮ ರಣಹದ್ದಿಗೆ ಮೂತ್ರಪಿಂಡವನ್ನೇ ಕೆಡಿಸುವ ವಿಷ. 2006ರಲ್ಲಿ ಭಾರತ ಸರ್ಕಾರ ಪಶುಗಳಿಗಾಗಿ ಅದರ ತಯಾರಿಕೆಯನ್ನು ನಿಲ್ಲಿಸಿತು. ಇದಕ್ಕೊಂದು ವಿಚಿತ್ರ ತಿರುವೂ ಇದೆ. ಈ ಕೆಂಪುತಲೆಯ ಹಕ್ಕಿಗೆ ಅದೇ ಮದ್ದನ್ನು ಕೊಟ್ಟು ಪರೀಕ್ಷಿಸಿದಾಗ ಏನೂ ಆಗಲಿಲ್ಲ. ಎರಡನ್ನೂ ನಾವು ರಣಹದ್ದು ಎನ್ನುತ್ತೇವೆ, ಎರಡೂ ಹೆಣ ತಿಂದೇ ಬದುಕುತ್ತವೆ, ಆದರೆ ವಂಶ ಬೇರೆ. ಹಾಗಾಗಿ ಒಂದರ ಮೇಲೆ ಮಾಡಿದ ಪರೀಕ್ಷೆ ಇನ್ನೊಂದಕ್ಕೆ ಅಭಯ ಕೊಡಲಾರದು.

ಡೇವಿಸ್‌ನಿಂದ ಸ್ಯಾಕ್ರಮೆಂಟೊ ಸುಮಾರು 25 ಕಿಲೋಮೀಟರ್. ನಡುವೆ ಯೋಲೋ ಕಾಸ್‌ವೇ ಎಂಬ ನೀಳ ಸೇತುವೆ, ಕೆಳಗೆ ನೆರೆನೀರಿಗೆಂದು ಬಿಟ್ಟ ಬಯಲು ಮತ್ತು ಭತ್ತದ ಗದ್ದೆ. "ಬೇಸಿಗೇಲಿ ಬನ್ನಿ ದೊಡ್ಡಮ್ಮ, ಈ ಸೇತುವೆ ಕೆಳಗಿಂದ ಸಂಜೆ ಹೊತ್ತು ಬಾವಲಿಗಳು ಹೊಗೆ ಥರ ಏಳ್ತವೆ" ಎಂದಳು ಹುಡುಗಿ. ಸುಮಾರು ಎರಡೂವರೆ ಲಕ್ಷ ಬಾವಲಿಗಳು, ಒಂದೊಂದರ ತೂಕ ಹನ್ನೆರಡು ಗ್ರಾಂ ಆಸುಪಾಸು. ಇಷ್ಟು ಚಿಕ್ಕ ಮೈ ಗ್ರಾಂ ಲೆಕ್ಕದಲ್ಲಿ ಆನೆಯ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ಉರಿಯುತ್ತದೆ. ಝೇಂಕಾರದ ಹಕ್ಕಿಯ ಗುಂಡಿಗೆ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಡಿದರೆ ಆನೆಯದು ಮೂವತ್ತರ ಆಸುಪಾಸಿನಲ್ಲಿ ಸಾಗುತ್ತದೆ. ಉರಿ ಜೋರಾದಲ್ಲಿ ಮದ್ದೂ ಬೇಗ ಕರಗಿಹೋಗುತ್ತದೆ. ಆದ್ದರಿಂದ ಸಣ್ಣ ಪ್ರಾಣಿಯ ಒಂದು ಕಿಲೋಗೆ ಇಷ್ಟೆಂದು ಅಳೆದು, ದೊಡ್ಡ ಪ್ರಾಣಿಯ ತೂಕದಿಂದ ಗುಣಿಸಿಬಿಟ್ಟರೆ ಲೆಕ್ಕ ಸರಿ, ಪ್ರಾಣಕ್ಕೆ ಸಂಚಕಾರ.

1962ರ ಆಗಸ್ಟ್‌ನಲ್ಲಿ ಒಕ್ಲಹೋಮ ನಗರದ ಮೃಗಾಲಯದಲ್ಲಿ ಆದದ್ದು ಇದೇ. ಗಂಡಾನೆಗೆ ಮದವೇರುವುದು ಹೇಗೆಂದು ತಿಳಿಯಲು ಹೊರಟ ಸಂಶೋಧಕರು ಟಸ್ಕೋ ಎಂಬ ಏಷ್ಯಾದ ಆನೆಗೆ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮದ್ದನ್ನು ಚುಚ್ಚಿದರು. ಬೆಕ್ಕು ತಡೆದುಕೊಳ್ಳುವ ಪ್ರಮಾಣದಿಂದ ಆನೆಯ ತೂಕಕ್ಕೆ ಲೆಕ್ಕ ಹಾಕಿದಾಗ ಬಂದದ್ದು 297 ಮಿಲಿಗ್ರಾಂ. ಐದು ನಿಮಿಷಕ್ಕೆ ಆನೆ ಕುಸಿಯಿತು. ಎರಡು ಗಂಟೆ ತುಂಬುವ ಮೊದಲೇ ಸತ್ತಿತು. ಕೊಂದದ್ದು ಅದೊಂದೇ ಮದ್ದೋ, ಸೆಳವು ತಗ್ಗಿಸಲು ಕೊಟ್ಟ ಬೇರೆ ಮದ್ದುಗಳೂ ಸೇರಿಯೋ ಎಂಬ ವಾದ ಆಮೇಲೂ ನಡೆಯಿತು. ಫೌಲರ್ ಪಾಠ ಶುರುಮಾಡಿದ್ದು ಇದಾದ ಕೆಲವೇ ವರ್ಷಗಳಿಗೆ. ಎಂಥ ಅಜ್ಞಾನದ ನಡುವೆ ಆ ತರಗತಿ ತೆರೆಯಿತೆಂದು ಸೇತುವೆ ದಾಟುತ್ತ ಲೆಕ್ಕಹಾಕಿದೆ.

ಸ್ಯಾಕ್ರಮೆಂಟೊ ಮೃಗಾಲಯ 1927ರದು. ವಿಲಿಯಂ ಲ್ಯಾಂಡ್ ಉದ್ಯಾನದ ಮರಗಳ ನಡುವೆ ಬರೀ ಹದಿನಾಲ್ಕು ಎಕರೆ. ಮೈಸೂರು ಮೃಗಾಲಯ ಸುತ್ತಿ ಕಾಲುನೋವು ಬರಿಸಿಕೊಂಡವರಿಗೆ ಇದು ಹಿತ್ತಲಿನಷ್ಟು ಚಿಕ್ಕದು. ರಾಜಹಂಸಗಳ ಗುಲಾಬಿ ಗುಂಪು, ಅದರಾಚೆ ಸುಮಾತ್ರಾ ಹುಲಿ, ಅದರಾಚೆ ಜಿರಾಫೆಗಳು. ಜಿರಾಫೆಗೆ ಸೊಪ್ಪು ತಿನ್ನಿಸುವ ಅಟ್ಟಣಿಗೆಯ ಮೇಲೆ ನಿಂತಾಗ ನನ್ನ ಮುಖದ ಮುಂದೆಯೇ ಆ ತಲೆ ಬಂದು ನಿಂತಿತು. ಕಪ್ಪು–ನೇರಳೆ ನಾಲಿಗೆ ಕೊಂಬೆಯನ್ನು ಸುತ್ತಿ ಎಲೆಯನ್ನಷ್ಟೇ ಬಿಡಿಸಿಕೊಂಡಿತು. ನುಂಗಿದ ತುತ್ತು ನೀಳ ಕತ್ತಿನಲ್ಲಿ ಇಳಿಯಿತು, ಸ್ವಲ್ಪ ಹೊತ್ತಿಗೆ ಮೆಲುಕಿನ ಉಂಡೆ ಅದೇ ಕತ್ತಿನಲ್ಲಿ ಮೇಲಕ್ಕೇರಿತು. ಬೆಳಗ್ಗೆ ನನ್ನ ತೋಳನ್ನು ಹಿಂಡಿದ್ದ ಅದೇ ಯಂತ್ರ!

ಆ ವಿದ್ಯಾರ್ಥಿನಿಯ ಮಾತು ಆಗ ಬಿಡಿಸಿಕೊಂಡಿತು. ಅರಿವಳಿಕೆಯಲ್ಲಿ ಮಲಗಿದ ಹಸುವಿನ ಬಾಯಿಗೆ ಮೇವಿನ ರಸ ಉಕ್ಕಿ ಬರುವ ಅಪಾಯ ಜಿರಾಫೆಗೂ ಇದೆ. ಆದ್ದರಿಂದ ಅರಿವಳಿಕೆ ಕೊಟ್ಟಾಗ ತಲೆಯನ್ನು ಹೊಟ್ಟೆಗಿಂತ ಎತ್ತರದಲ್ಲಿ ಹಿಡಿದಿರಬೇಕು. ಹಸುವಿನ ಜ್ಞಾನ ಇಲ್ಲಿಯವರೆಗೆ ಕಾಯುತ್ತದೆ. ಮುಂದೆ ಕೈಬಿಡುತ್ತದೆ. ಮಿದುಳಿನವರೆಗೆ ರಕ್ತ ಏರಿಸಬೇಕಾದ ಜಿರಾಫೆಯ ರಕ್ತದೊತ್ತಡ ನಮ್ಮದರ ಎರಡು ಪಟ್ಟು. ಮದ್ದಿನ ಅಮಲಿನಲ್ಲಿ ಅದು ತತ್ತರಿಸಿ ಬಿದ್ದರೆ ಕತ್ತು, ಕಾಲು ಮುರಿಯಬಹುದು. ತಿರುಚಿಕೊಂಡ ಕತ್ತಿನಲ್ಲಿ ಉಸಿರು ಸಿಕ್ಕಿಬೀಳಬಹುದು. ಹಾಗಾಗಿ ಹಗ್ಗ ಹಿಡಿದವರು, ಕತ್ತಿಗೆ ಹಲಗೆ ಕೊಡುವವರು, ತಲೆಗೆ ಹೊಣೆಯಾದವರು ಎಲ್ಲರೂ ಮೊದಲೇ ಗೊತ್ತುಮಾಡಿದ ಜಾಗದಲ್ಲಿ ನಿಂತಿರಬೇಕು. ಇಂಥ ಪ್ರಾಣಿಗಳಿಗೆ ಬಳಸುವ ಎಟಾರ್ಫಿನ್ ಮಾರ್ಫಿನ್‌ಗಿಂತ ಸಾವಿರಾರು ಪಟ್ಟು ತೀಕ್ಷ್ಣ. ಸೂಜಿ ತಪ್ಪಿ ಡಾಕ್ಟರಿಗೇ ಚುಚ್ಚಿದರೆ ಅವರ ಜೀವವೇ ಹೋಗಬಹುದು. ಅದಕ್ಕೇ ಮದ್ದಿಗಿಂತ ಮೊದಲು ಪ್ರತಿಮದ್ದನ್ನು ಸಿದ್ಧವಾಗಿಡುತ್ತಾರೆ.

1978ರಲ್ಲೇ ಫೌಲರ್ ಇನ್ನೊಂದು ಪುಸ್ತಕ ಬರೆದರು. ಅದರಲ್ಲಿ ರೋಗವಿಲ್ಲ, ಮದ್ದಿಲ್ಲ, ಪ್ರಾಣಿಯನ್ನು ಹಿಡಿಯುವುದು ಹೇಗೆ ಎಂಬುದಷ್ಟೇ ಇದೆ. ಹಿಡಿಯುವ ಮುನ್ನ ಕೇಳಿಕೊಳ್ಳಿ ಎಂದು ಅವರು ಕೊಟ್ಟ ಪ್ರಶ್ನೆಗಳ ಸಾರ ಇಷ್ಟು: ಹಿಡಿಯುವವರಿಗೆ ಅಪಾಯವಿಲ್ಲವೇ? ಪ್ರಾಣಿಗೆ ಅಪಾಯವಿಲ್ಲವೇ? ಹೀಗೆ ಹಿಡಿದರೆ ಅಂದುಕೊಂಡ ಕೆಲಸ ಆಗುತ್ತದೆಯೇ? ಬಿಟ್ಟ ಮೇಲೆ ಅದು ಪೂರ್ತಿ ಚೇತರಿಸಿಕೊಳ್ಳುವವರೆಗೆ ಕಾವಲಿರುವವರು ಯಾರು? ಕೊನೆಯ ಪ್ರಶ್ನೆ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಅಟ್ಟಿಸಿಕೊಂಡು ಓಡಿದ ಜಿಂಕೆಯಾಗಲಿ, ಉದ್ದಕಾಲಿನ ರಾಜಹಂಸವಾಗಲಿ ಬಿಟ್ಟಾಗ ಚೆನ್ನಾಗಿಯೇ ಇದ್ದು, ಮಾಂಸಖಂಡಗಳು ನಾಶವಾಗಿ ದಿನಗಳ ನಂತರ ಸಾಯುವುದುಂಟು. ರೋಗಕ್ಕಿಂತ ಚಿಕಿತ್ಸೆಯ ಭಯವೇ ಕೊಲ್ಲುವ ರೋಗಿಗಳು ಇವರು. ಈಗ ಅನೇಕ ಮೃಗಾಲಯಗಳಲ್ಲಿ ಹಿಡಿಯುವುದನ್ನೇ ಆದಷ್ಟು ಬಿಟ್ಟಿದ್ದಾರೆ. ಮಾಂಸದ ತುಂಡು ತೋರಿಸಿ ಹುಲಿಯನ್ನು ಪಳಗಿಸಿದರೆ ಅದು ಸರಳುಗಳ ಪಕ್ಕ ಮಲಗಿ ಬಾಲ ಕೊಡುತ್ತದೆ, ಅಲ್ಲಿಂದಲೇ ರಕ್ತ ತೆಗೆಯುತ್ತಾರೆ.

ಫೌಲರ್ 1991ರಲ್ಲಿ ನಿವೃತ್ತರಾದರೂ ಬರೆಯುವುದನ್ನು ಬಿಡಲಿಲ್ಲ. ಲಾಮಾ, ಅಲ್ಪಾಕಾಗಳ ವೈದ್ಯಕ್ಕೆ 1989ರಲ್ಲೇ ಪುಸ್ತಕ ಕೊಟ್ಟಿದ್ದರು. 2006ರಲ್ಲಿ ಸೂಸನ್ ಮಿಕೋಟಾ ಜೊತೆಗೂಡಿ ಆನೆಗಳ ವೈದ್ಯದ ಗ್ರಂಥ ತಂದರು. ಕೊಡಗು, ಹಾಸನದ ಕಾಫಿ ತೋಟಗಳಲ್ಲಿ ಆನೆ ಹಿಡಿಯುವುದನ್ನು ಕಂಡವರಿಗೆ ಆ ವಿದ್ಯೆಯ ಬೆಲೆ ಗೊತ್ತು. ಆನೆಗೆ ಶ್ವಾಸಕೋಶ ಮತ್ತು ಎದೆಗೋಡೆಯ ನಡುವೆ ಬೇರೆ ಪ್ರಾಣಿಗಳಿಗಿರುವ ತೆರಪಿಲ್ಲ, ಎರಡೂ ಅಂಟಿಕೊಂಡಿವೆ. ಎದೆಯ ಮೇಲೆ ಕುಸಿದು ಕೂತರೆ ತನ್ನ ಭಾರಕ್ಕೆ ತಾನೇ ಉಸಿರುಕಟ್ಟುತ್ತದೆ. ಅದಕ್ಕೇ ಡಾರ್ಟ್ ಹೊಡೆದ ಡಾಕ್ಟರು ಆನೆ ನಿಂತೇ ತೂಕಡಿಸಲಿ ಎಂದು ಮದ್ದನ್ನು ಅಳೆಯುತ್ತಾರೆ. ಅಷ್ಟರಲ್ಲಿ ಪಳಗಿದ ಕುಮ್ಕಿ ಆನೆಗಳು ಎರಡೂ ಬದಿಗೆ ಬಂದು ಒತ್ತಿ ನಿಲ್ಲುತ್ತವೆ, ಮಾವುತರು ಹಗ್ಗ ಬಿಗಿಯುತ್ತಾರೆ.

2014ರಲ್ಲಿ ಫೌಲರ್ ತೀರಿಕೊಂಡಾಗ ಅವರಿಗೆ ಎಂಬತ್ತೈದು. ಜಗತ್ತಿನಲ್ಲಿ ಹಕ್ಕಿಗಳೇ ಸುಮಾರು ಹನ್ನೊಂದು ಸಾವಿರ ಜಾತಿ, ಸಸ್ತನಿಗಳು ಆರು ಸಾವಿರದ ಮೇಲೆ, ಸರೀಸೃಪಗಳು ಇನ್ನೂ ಹೆಚ್ಚು. ಒಬ್ಬರ ಆಯಸ್ಸಿಗೆ ಮುಗಿಯುವ ಪಾಠವಲ್ಲ ಇದು. ಇಂದಿಗೂ ಎಲ್ಲೋ ಒಂದು ಮೃಗಾಲಯದಲ್ಲಿ ಡಾಕ್ಟರೊಬ್ಬರು, ಯಾರೂ ಮದ್ದು ಕೊಟ್ಟಿರದ ಪ್ರಾಣಿಯ ಮುಂದೆ ನಿಂತು, ಅದರ ಹತ್ತಿರದ ನೆಂಟ ಯಾರೆಂದು ಯೋಚಿಸುತ್ತಿರುತ್ತಾರೆ. ನೆಂಟಸ್ತಿಕೆ ಎಲ್ಲಿಯವರೆಗೆ ನಂಬಬಹುದು, ಎಲ್ಲಿಂದಾಚೆ ನಂಬಿದರೆ ಕೊಲೆಯಾಗುತ್ತದೆ ಎಂಬ ಗೆರೆಯನ್ನು ಹುಡುಕುವುದೇ ಅವರ ವಿದ್ಯೆ. ಕಂಡ ಗೆರೆಯನ್ನು ಬರೆದಿಟ್ಟರೆ ಮುಂದಿನ ಡಾಕ್ಟರು ಆ ಪ್ರಾಣಿಯ ಮುಂದೆ ಮೊದಲನೆಯವರಾಗಿ ನಿಲ್ಲಬೇಕಿಲ್ಲ. ಕುದುರೆ ಲಾಯದಿಂದ ಹೊರಟ ಒಬ್ಬ ಮೇಷ್ಟ್ರು ಅಷ್ಟೊಂದು ಗೆರೆಗಳನ್ನು ಬರೆದಿಟ್ಟು ಹೋದರಲ್ಲ, ಡೇವಿಸ್‌ನಲ್ಲಿ ನಾನು ಕಂಡ ಅಚ್ಚರಿಗಳಲ್ಲಿ ಅದೇ ದೊಡ್ಡದು.