ಗುರುಗಳು ಬರೆಯಬೇಕಾದ ಪತ್ರ

ಬೆಳಿಗ್ಗೆ ಎದುರು ಮನೆಯ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ವರ್ಷ. ಪಿಎಚ್.ಡಿ.ಗೆಂದು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದಾಳೆ. "ಆಂಟಿ, ಶಿಫಾರಸು ಪತ್ರ ನಾನೇ ಬರೀಬೇಕಂತೆ. ನೀನೇ ಡ್ರಾಫ್ಟ್ ಮಾಡಿ ಕಳಿಸಮ್ಮ, ನಾನು ಅಪ್‌ಲೋಡ್ ಮಾಡ್ತೀನಿ ಅಂದ್ರು ಸರ್. ನನ್ನನ್ನ ನಾನೇ ಹೊಗಳ್ಕೊಳ್ಳೋದು ಹೇಗೆ?" ಎಂದಳು. ಮುಖ ಸಪ್ಪಗಿತ್ತು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅಂಕಪಟ್ಟಿ, ಟೋಫೆಲ್, ಅರ್ಜಿ ಶುಲ್ಕ, ಡಿಸೆಂಬರಿನ ಗಡುವು ಇವೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ. ನನ್ನ ತಕರಾರು ಈ ಪತ್ರದ್ದು. ಸಾಮಾನ್ಯವಾಗಿ ಮೂರು ಪತ್ರ ಬೇಕು. ಅಧ್ಯಾಪಕರೇ ನೇರವಾಗಿ ಕಳಿಸಬೇಕು. ಅದನ್ನು ಓದುವ ಹಕ್ಕು ನನಗೆ ಬೇಡ ಎಂದು ವಿದ್ಯಾರ್ಥಿ ಗುರುತು ಹಾಕುವ ಜಾಗವೂ ಅರ್ಜಿಯಲ್ಲಿರುತ್ತದೆ. ಗುರುಗಳು ಮುಲಾಜಿಲ್ಲದೆ ಬರೆಯಲಿ ಎಂದೇ ಆ ಏರ್ಪಾಡು. ಹಾಗೆ ಗುರುತು ಹಾಕಿದವಳ ಕೈಯಲ್ಲೇ ಪತ್ರವನ್ನೂ ಬರೆಸಿದರೆ, ಸಂಶೋಧನೆಗೆ ಕಾಲಿಡುವ ಮೊದಲೇ ಅವಳಿಗೆ ಸುಳ್ಳು ಕಲಿಸಿದ ಹಾಗಾಯಿತು.

ಅಧ್ಯಾಪಕರಿಗೆ ನ್ಯಾಕ್ ಕಡತ, ಮೌಲ್ಯಮಾಪನ ಎಂದು ನೂರು ಕೆಲಸ. ಒಪ್ಪುತ್ತೇನೆ. ಆದರೆ ಲ್ಯಾಬಿನಲ್ಲಿ ರೀಡಿಂಗ್ ಸರಿಬರದಿದ್ದ ದಿನ ಅವಳು ಪಕ್ಕದವರ ರೆಕಾರ್ಡ್ ನೋಡಿ ಬರೆದುಕೊಂಡಳೋ, ಊಟ ಬಿಟ್ಟು ಸ್ಪೆಕ್ಟ್ರೋಮೀಟರ್ ಮತ್ತೆ ಹೊಂದಿಸಿಕೊಂಡು ಕೂತಳೋ, ಅದನ್ನು ಕಂಡವರು ಅವರೇ. ಹಾಗೆ ಕೂರುವುದೂ ಒಂದು ಗುಣವೆಂದು ಆ ಹುಡುಗಿಗೆ ತೋಚುವುದೇ ಇಲ್ಲ. ಬರೆ ಎಂದರೆ 'ಕಠಿಣ ಪರಿಶ್ರಮಿ, ಪ್ರಾಮಾಣಿಕಳು' ಎಂದು ಎಲ್ಲರೂ ಬರೆಯುವುದನ್ನೇ ಬರೆಯುತ್ತಾಳೆ.

ಇಂಥ ಪತ್ರ ಹೇಗಿರಬೇಕು ಎಂದಾಗ ನನಗೆ ಗಿಲ್ಬರ್ಟ್ ವಾಕರ್ ನೆನಪಾಗುತ್ತಾರೆ. 1913ರ ಫೆಬ್ರವರಿ. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಅವರು ಮದ್ರಾಸಿಗೆ ಬಂದಾಗ ಬಂದರು ಟ್ರಸ್ಟಿನ ಗುಮಾಸ್ತ ರಾಮಾನುಜನ್ ಅವರ ಗಣಿತವನ್ನು ನೋಡಿದರು. ವಾಕರ್ ಸ್ವತಃ ಕೇಂಬ್ರಿಜ್‌ನಲ್ಲಿ ಗಣಿತಕ್ಕೆ ಮೊದಲಿಗರಾಗಿದ್ದವರು. ಆದರೂ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಬರೆದ ಪತ್ರದಲ್ಲಿ, ಇದು ತನ್ನ ವಿಭಾಗವಲ್ಲ, ಈತ ಯುರೋಪಿನಲ್ಲಿ ಹೆಸರು ಮಾಡುವಷ್ಟು ದೊಡ್ಡವನೇ ಎಂದು ಖಚಿತವಾಗಿ ಹೇಳಲಾರೆ ಎಂದರು. ಹೊಟ್ಟೆಪಾಡಿನ ಚಿಂತೆಯಿಲ್ಲದೆ ಕೆಲವು ವರ್ಷ ಈತ ಗಣಿತವನ್ನಷ್ಟೇ ಮಾಡುವಂತೆ ನೋಡಿಕೊಂಡರೆ ತಪ್ಪಾಗದು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಬರೆದರು. ಡಿಗ್ರಿ ಇಲ್ಲದ ರಾಮಾನುಜನ್‌ಗೆ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು.

ವಾಕರ್ ಅವರ ಅಸಲು ಕೆಲಸ ಮಳೆಯದು. ಮುಂಗಾರು ಕೈಕೊಡುವುದನ್ನು ಮೊದಲೇ ತಿಳಿಯಲಾದೀತೇ ಎಂದು ಲೋಕದ ಮೂಲೆಮೂಲೆಯ ವಾಯುಭಾರದ ಅಂಕಿಅಂಶ ತರಿಸಿ ಲೆಕ್ಕ ಹಾಕಿಸಿದರು. ಹಿಂದೂ ಮಹಾಸಾಗರದ ಕಡೆ ಒತ್ತಡ ಏರಿದಾಗ ಪೆಸಿಫಿಕ್ ಕಡೆ ಇಳಿಯುವುದನ್ನು ಗುರುತಿಸಿ 'ಸದರ್ನ್ ಆಸಿಲೇಷನ್' ಎಂದು ಹೆಸರಿಟ್ಟರು. ಎಲ್ ನಿನೋ ವರ್ಷವೆಂದು ನಮ್ಮ ರೈತರು ಆಕಾಶ ನೋಡುವಾಗಲೆಲ್ಲ ಆ ಲೆಕ್ಕ ಇಂದಿಗೂ ಬಳಕೆಗೆ ಬರುತ್ತದೆ. ಅಷ್ಟು ಕೆಲಸದ ನಡುವೆಯೂ ಅವರು ಒಬ್ಬ ಗುಮಾಸ್ತನಿಗಾಗಿ ಕೂತು ಪತ್ರ ಬರೆದರು.

ಅಧ್ಯಾಪಕ ಮಿತ್ರರೇ, ಡಿಸೆಂಬರ್ ಹತ್ತಿರ ಬರುತ್ತಿದೆ. ಇಂಗ್ಲಿಷ್ ಸೊಗಸಾಗಿಲ್ಲದಿದ್ದರೂ ಚಿಂತೆಯಿಲ್ಲ, ಅರ್ಧ ಪುಟವಾದರೂ ಸಾಕು. ನೀವು ಕಂಡದ್ದನ್ನು ನೀವೇ ಬರೆಯಿರಿ.